ಸಂಧಾನದಲ್ಲಿ ಚಿತ್ರದ ಸ್ಥಾನ

ವ್ಯಾಜ್ಯವು ಹುಟ್ಟುವುದು ವಸ್ತುವಿನ ನಿಮಿತ್ತವಾಗಿ, ಬೆಳೆಯುವುದು ಮಾತಿನಿಂದ. ಹೊಲದ ಬದು, ಮನೆಯ ಗೋಡೆ, ನೀರಿನ ಪಾಳಿ, ಪಾಲುಗಾರಿಕೆಯ ಲಾಭ, ಇವುಗಳಲ್ಲಿ ಯಾವುದಾದರೊಂದರ ಸಲುವಾಗಿ ಮೊದಲಾದ ಭಿನ್ನಾಭಿಪ್ರಾಯವು ನಾಲ್ಕಾರು ವರ್ಷಗಳು ಕಳೆಯುವುದರೊಳಗಾಗಿ ‘ಅವರು ಹೀಗೆಂದರು, ಇವರು ಹಾಗೆಂದರು’ ಎಂಬ ಮಾತುಗಳ ಕಂತೆಯಾಗಿ ಮಾರ್ಪಡುತ್ತದೆ. ಆಮೇಲೆ ಮೂಲವಸ್ತುವು ಮರೆಯಾಗಿ ಮಾತೇ ವ್ಯಾಜ್ಯವಾಗಿ ನಿಲ್ಲುತ್ತದೆ. ಮಾತಿನಿಂದ ಕೆಟ್ಟುದನ್ನು ಮಾತಿನಿಂದಲೇ ಸರಿಪಡಿಸಬೇಕಾದ ಭಾರವು ಆಗ ಮಧ್ಯಸ್ಥನ ಮೇಲೆ ಬೀಳುತ್ತದೆ. ಅವನ ಕೈಗೆ ಮಾತಲ್ಲದ ಇನ್ನೊಂದು ಸಾಧನವುಂಟೇ ಎಂಬುದು ಇಲ್ಲಿಯ ವಿಚಾರ. ನಕ್ಷೆ, ರೇಖಾಚಿತ್ರ, ವಂಶವೃಕ್ಷ, ಕಾಲಾನುಕ್ರಮದ ಪಟ್ಟಿ, ಲೆಕ್ಕದ ಕೋಷ್ಟಕ ಮುಂತಾಗಿ ಕಣ್ಣಿಗೆ ಕಾಣುವ ರೂಪದಲ್ಲಿ ವಿಷಯವನ್ನು ಮುಂದಿಡುವ ಕ್ರಮಕ್ಕೆ ಈಚೆಗೆ ‘ದೃಶ್ಯ ಸಂವಹನ’ ಎಂಬ ಹೆಸರು ರೂಢವಾಗಿದೆ. ಹೆಸರು ಹೊಸದಾದರೂ ಕ್ರಮವು ಹೊಸದಲ್ಲ.

ಮಧ್ಯಸ್ಥನೆಂದರೆ ಯಾರೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಯುಕ್ತ. ನ್ಯಾಯಾಧೀಶನು ಸಾಕ್ಷ್ಯವನ್ನು ತೂಗಿ ತೀರ್ಪು ಕೊಡುತ್ತಾನೆ. ಉಭಯಪಕ್ಷಗಳೂ ಒಪ್ಪಿ ನೇಮಿಸಿಕೊಂಡ ಪಂಚನು ನಿರ್ಣಯ ಕೊಡುತ್ತಾನೆ. ಮಧ್ಯಸ್ಥನಾದರೋ ಯಾವುದನ್ನೂ ಕೊಡುವುದಿಲ್ಲ. ಕಾದಾಡುವವರು ತಾವಾಗಿಯೇ ಒಂದು ಒಪ್ಪಂದಕ್ಕೆ ಬರುವಂತೆ ದಾರಿಮಾಡಿಕೊಡುವುದಷ್ಟೇ ಅವನ ಕೆಲಸ. ಸಿವಿಲ್ ಪ್ರಕ್ರಿಯಾ ಸಂಹಿತೆಗೆ ೧೯೯೯ರ ತಿದ್ದುಪಡಿಯಿಂದ ಸೇರಿದ ೮೯ನೆಯ ಪ್ರಕರಣವು ೨೦೦೨ರಲ್ಲಿ ಜಾರಿಗೆ ಬಂದಂದಿನಿಂದ ನಮ್ಮ ದೇಶದ ನ್ಯಾಯಾಲಯಗಳು ಮೊಕದ್ದಮೆಗಳನ್ನು ಮಧ್ಯಸ್ಥಿಕೆಗೆ ಕಳುಹಿಸತೊಡಗಿವೆ. ೨೦೦೫ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆಶ್ರಯದಲ್ಲಿಯೂ, ೨೦೦೭ರಲ್ಲಿ ಬೆಂಗಳೂರಿನಲ್ಲಿಯೂ ಇದಕ್ಕಾಗಿ ಕೇಂದ್ರಗಳು ಸ್ಥಾಪಿತವಾದುವು. ೨೦೨೩ರಲ್ಲಿ ಸಂಸತ್ತು ಮಧ್ಯಸ್ಥಿಕೆಯ ಬಗ್ಗೆಯೇ ಒಂದು ಪ್ರತ್ಯೇಕ ಅಧಿನಿಯಮವನ್ನು ಮಾಡಿತು. ಹೀಗಿರುವಲ್ಲಿ ಮಧ್ಯಸ್ಥನ ಸಾಧನಗಳಾವುವು, ಅವುಗಳ ಗುಣದೋಷಗಳೇನು ಎಂಬ ವಿಚಾರವು ಕೇವಲ ಪಾಂಡಿತ್ಯದ ವಿಷಯವಾಗಿ ಉಳಿದಿಲ್ಲ.

ಮಾತಿನ ಅಳತೆ, ಕಲ್ಲಿನ ಗುರುತು

ಸಂಧಾನವೆಂದೊಡನೆ ಕನ್ನಡಿಗನ ನೆನಪಿಗೆ ಬರುವುದು ಕೌರವರ ಸಭೆಗೆ ಹೋದ ಶ್ರೀಕೃಷ್ಣನ ಸಂಧಾನ. ಪಾಂಡವರ ಕಡೆಯ ಬೇಡಿಕೆಯು ಐದು ಗ್ರಾಮಗಳಿಗೆ ಇಳಿಯಿತು. ದುರ್ಯೋಧನನ ಉತ್ತರವು ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆಂಬಲ್ಲಿಗೆ ಏರಿತು. ಬಾಯಿಮಾತಿಗೆ ಅಳತೆಯ ಕಟ್ಟಿಲ್ಲ. ಸೂಜಿಯ ಮೊನೆಯಷ್ಟು ನೆಲವೆಂದು ಸಭೆಯಲ್ಲಿ ನುಡಿಯುವುದು ಸುಲಭ. ಅದನ್ನೇ ನಕ್ಷೆಯ ಮೇಲೆ ತೋರಿಸೆಂದರೆ ಆ ಮಾತು ಹಟದ ಮಾತೆಂಬುದು ಆಡಿದವನಿಗೇ ಗೋಚರವಾದೀತು.

ನಮ್ಮ ಪೂರ್ವಿಕರು ಈ ಕೊರತೆಯನ್ನು ಚೆನ್ನಾಗಿ ಅರಿತಿದ್ದರು. ಕನ್ನಡ ದಾನಶಾಸನಗಳಲ್ಲಿ ಭೂಮಿಯ ಎಲ್ಲೆಯನ್ನು ದಿಕ್ಕುದಿಕ್ಕಾಗಿ ಹೇಳುವ ಪದ್ಧತಿಯಿದೆ: ಇಂಥ ಕೆರೆ, ಇಂಥ ಮರ, ಇಂಥ ಹಳ್ಳ, ಇಂಥ ಕಲ್ಲು. ಇಂದಿನ ಪತ್ರಗಳಲ್ಲಿ ಬರುವ ಚಕ್ಕುಬಂದಿಯು ಇದರ ಮುಂದುವರಿಕೆಯೇ. ಆದರೆ ಬರೆದ ಮಾತನ್ನು ಓದಬಲ್ಲವರು ವಿರಳವಾಗಿದ್ದ ಕಾಲದಲ್ಲಿ ಬರೆಹವೊಂದನ್ನೇ ನಂಬಿ ಕೂಡಲಾಗುತ್ತಿರಲಿಲ್ಲ. ಆದುದರಿಂದ ಶಾಸನದ ಶಿಲೆಯ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಕೆತ್ತಿದರು. ದಾನವು ಆಚಂದ್ರಾರ್ಕವಾಗಿ ನಡೆಯತಕ್ಕುದೆಂಬುದು ಅಕ್ಷರವರಿಯದವನಿಗೂ ಅದರಿಂದ ತಿಳಿಯುತ್ತಿತ್ತು. ದತ್ತಿಭೂಮಿಯ ಗಡಿಗಳಲ್ಲಿ ಮುದ್ರೆಯ ಕಲ್ಲುಗಳನ್ನು ನೆಟ್ಟರು. ಶಿವಾಲಯದ ಭೂಮಿಗೆ ಲಿಂಗಮುದ್ರೆ, ಬ್ರಾಹ್ಮಣರಿಗೆ ಬಿಟ್ಟ ಭೂಮಿಗೆ ವಾಮನಮುದ್ರೆ, ಜಿನಾಲಯದ ಭೂಮಿಗೆ ಮುಕ್ಕೊಡೆ. ಇಂಥ ಕಲ್ಲುಗಳು ಇಂದಿಗೂ ಕರ್ನಾಟಕದ ಹೊಲಗಳ ಅಂಚಿನಲ್ಲಿ ಕಾಣಸಿಗುತ್ತವೆ. ದಾರಿಹೋಕನು ಕಲ್ಲನ್ನು ನೋಡಿದೊಡನೆ ಭೂಮಿಯು ಯಾರದು, ಎಲ್ಲಿಯವರೆಗೆ ಎಂಬುದನ್ನು ಅರಿಯುತ್ತಿದ್ದನು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮುದ್ರೆಯ ಕಲ್ಲು ದಾನವು ನಡೆದ ಮೇಲೆ ನೆಡುವಂಥದು. ಅದು ತೀರ್ಮಾನವನ್ನು ಸಾರುವ ಗುರುತು. ಮಧ್ಯಸ್ಥಿಕೆಯಲ್ಲಿ ಬೇಕಾದುದು ತೀರ್ಮಾನಕ್ಕೆ ಮುಂಚಿನ ಚಿತ್ರ. ಅದು ಸಾರುವುದಕ್ಕಲ್ಲ, ಕೂಡಿ ಯೋಚಿಸುವುದಕ್ಕೆ. ಈ ಎರಡರ ಭೇದವನ್ನು ಮರೆತಲ್ಲಿ ಚಿತ್ರದಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚೆಂಬುದು ಮುಂದಿನ ವಿವೇಚನೆಯಿಂದ ವ್ಯಕ್ತವಾಗುತ್ತದೆ.

ಚಿತ್ರವು ಮಾಡುವ ಕೆಲಸ

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಘಟ್ಟದ ಮೇಲಿನ ಒಂದು ಊರಿನಲ್ಲಿ ೪ ಎಕರೆ ೨೦ ಗುಂಟೆ ಪಿತ್ರಾರ್ಜಿತ ಭೂಮಿಯಿದೆ. ಹಿರಿಯ ಮಗನು ಊರಿನಲ್ಲಿಯೇ ಬೇಸಾಯ ಮಾಡಿಕೊಂಡಿದ್ದಾನೆ. ಕಿರಿಯನು ಮೂವತ್ತು ವರ್ಷಗಳಿಂದ ಮುಂಬಯಿಯಲ್ಲಿ ಉದ್ಯೋಗದಲ್ಲಿದ್ದಾನೆ. ಮಗಳು ಬೇರೊಂದು ಊರಿಗೆ ಮದುವೆಯಾಗಿ ಹೋಗಿದ್ದಾಳೆ. ಮೂವರೂ ಸಮಭಾಗಿಗಳೆಂದು ಇಟ್ಟುಕೊಂಡರೆ ೪೦ ಗುಂಟೆಗೆ ಒಂದೆಕರೆಯ ಲೆಕ್ಕದಲ್ಲಿ ಒಟ್ಟು ೧೮೦ ಗುಂಟೆ. ಒಬ್ಬೊಬ್ಬರಿಗೆ ೬೦ ಗುಂಟೆ, ಅಂದರೆ ೧ ಎಕರೆ ೨೦ ಗುಂಟೆ. ಲೆಕ್ಕವು ಇಷ್ಟು ಸುಲಭವಾಗಿದ್ದರೂ ವ್ಯಾಜ್ಯವು ಹತ್ತು ವರ್ಷ ನಡೆಯುವುದುಂಟು. ಕಾರಣವೇನೆಂದರೆ ಮೂವರ ಮನಸ್ಸಿನಲ್ಲಿಯೂ ಇರುವ ಭೂಮಿಯು ಒಂದೇ ಅಲ್ಲ. ಮುಂಬಯಿಯವನ ಕಣ್ಣಿಗೆ ಕಟ್ಟಿರುವುದು ಮೂವತ್ತು ವರ್ಷಗಳ ಹಿಂದಿನ ಹೊಲ. ಆಗ ಬಾವಿಯಲ್ಲಿ ನೀರಿತ್ತು, ರಸ್ತೆಯಿರಲಿಲ್ಲ. ಹಿರಿಯನ ಕಣ್ಣಿಗೆ ಕಾಣುವುದು ತಾನು ಬೆವರು ಸುರಿಸಿ ಎಬ್ಬಿಸಿದ ತೋಟ. ಮಗಳ ನೆನಪಿನಲ್ಲಿರುವುದು ತಂದೆಯು ‘ಇದು ನಿನಗೆ’ ಎಂದು ಕೈತೋರಿದ ಒಂದು ಮೂಲೆ. ಒಂದೇ ಸರ್ವೆ ನಂಬರನ್ನು ಹೆಸರಿಸುತ್ತ ಮೂವರೂ ಮೂರು ಬೇರೆ ಬೇರೆ ನೆಲಗಳ ವಿಷಯವಾಗಿ ಜಗಳವಾಡುತ್ತಿರುತ್ತಾರೆ.

ಈಗ ಮಧ್ಯಸ್ಥನು ಮೇಜಿನ ಮೇಲೆ ಒಂದು ದೊಡ್ಡ ಹಾಳೆಯನ್ನು ಹಾಸಿ, ಭೂಮಿಯ ಹೊರಗೆರೆಯನ್ನು ಮಾತ್ರ ಎಳೆದು, ಒಳಗಣದನ್ನು ಅವರೇ ತುಂಬಲೆಂದು ಸೀಸದ ಕಡ್ಡಿಯನ್ನು ಕೊಡುತ್ತಾನೆ. ಇದರಿಂದ ಮೂರು ಪ್ರಯೋಜನಗಳು ದೊರೆಯುತ್ತವೆ.

ಮೊದಲನೆಯದು, ದೃಷ್ಟಿಯ ಸ್ಥಾನವು ಬದಲಾಗುವುದು. ಎದುರುಬದುರಾಗಿ ಕುಳಿತು ಮುಖ ನೋಡುತ್ತ ವಾದಿಸುತ್ತಿದ್ದವರು ಹಾಳೆಯನ್ನು ನೋಡಲು ಒಂದೇ ಮಗ್ಗುಲಿಗೆ ಬರಬೇಕಾಗುತ್ತದೆ. ಎದುರಾಳಿಯ ಕಡೆಗೆ ಚಾಚುತ್ತಿದ್ದ ಬೆರಳು ಕಾಗದದ ಕಡೆಗೆ ತಿರುಗುತ್ತದೆ. ‘ನೀನು ಸುಳ್ಳಾಡುತ್ತೀಯೆ’ ಎಂಬ ಮಾತಿನ ಎಡೆಯಲ್ಲಿ ‘ಬಾವಿ ಅಲ್ಲಿಲ್ಲ, ಇನ್ನೂ ಮೂಡಲಿಗೆ’ ಎಂಬ ಮಾತು ಬರುತ್ತದೆ. ತಿದ್ದುವುದು ಗೆರೆಯನ್ನು, ಅಣ್ಣನನ್ನಲ್ಲ.

ಎರಡನೆಯದು, ನೆನಪಿನ ಹೊರೆಯು ಇಳಿಯುವುದು. ಮನುಷ್ಯನ ಮನಸ್ಸು ಒಂದೇ ಕಾಲದಲ್ಲಿ ಕೆಲವೇ ಸಂಗತಿಗಳನ್ನು ಹಿಡಿದಿಟ್ಟುಕೊಳ್ಳಬಲ್ಲುದು. ಕೋಪ ಬಂದಾಗ ಅದೂ ಸಾಧ್ಯವಾಗುವುದಿಲ್ಲ. ತಾನು ಹೇಳಿದುದು ಎಲ್ಲಿ ಮರೆತುಹೋಗುವುದೋ ಎಂಬ ಭಯದಿಂದಲೇ ಜನರು ಅದನ್ನು ಹತ್ತು ಸಲ ಹೇಳುತ್ತಾರೆ. ಒಮ್ಮೆ ಅದು ಹಾಳೆಯ ಮೇಲೆ ಎಲ್ಲರಿಗೂ ಕಾಣುವಂತೆ ದಾಖಲಾಯಿತೆಂದರೆ ಪುನರುಕ್ತಿಗೆ ಕಾರಣ ತಪ್ಪುತ್ತದೆ. ಇನ್ನೊಬ್ಬರ ಮಾತಿಗೆ ಕಿವಿಗೊಡಲು ಮನಸ್ಸಿಗೆ ಬಿಡುವು ದೊರೆಯುತ್ತದೆ.

ಮೂರನೆಯದು, ಬೇಡಿಕೆಯ ಹಿಂದಿನ ಬೇಕುಗಳು ಕಾಣಿಸಿಕೊಳ್ಳುವುದು. ಮೂವರೂ ‘ನನಗೆ ನನ್ನ ಪಾಲು’ ಎನ್ನುತ್ತಿರುವವರೆಗೆ ಪಾಲೆಂದರೆ ಬರೇ ಗುಂಟೆಯ ಲೆಕ್ಕ. ಬಾವಿ, ತೋಟ, ಗದ್ದೆ, ರಸ್ತೆಗಳನ್ನು ಗುರುತಿಸಿದ ಮೇಲೆ ಯಾರಿಗೆ ಯಾವುದು ಏಕೆ ಬೇಕೆಂಬ ಪ್ರಶ್ನೆಯು ತಾನಾಗಿ ಏಳುತ್ತದೆ. ಹಿರಿಯನಿಗೆ ಬೇಕಾದುದು ನೀರು. ಕಿರಿಯನಿಗೆ ಬೇಕಾದುದು ನಿವೃತ್ತನಾದ ಮೇಲೆ ಒಂದು ಮನೆ ಕಟ್ಟಿಕೊಳ್ಳಲು ರಸ್ತೆಯಂಚಿನ ನೆಲ. ಮಗಳಿಗೆ ಬೇಕಾದುದು ವರ್ಷವರ್ಷವೂ ಬರುವ ಒಂದು ಆದಾಯ, ಮತ್ತು ತವರಿನಲ್ಲಿ ತನ್ನ ಹೆಸರು. ಇವು ನಕ್ಷೆಯಲ್ಲಿ ಮೂರು ಬೇರೆ ಎಡೆಗಳಲ್ಲಿ ಕಂಡುಬಂದರೆ ಜಗಳದ ಅರ್ಧಭಾಗವು ಅಲ್ಲಿಗೇ ಕರಗುತ್ತದೆ. ಉಳಿದರ್ಧಕ್ಕೆ, ಅಂದರೆ ತೋಟದ ಗುಂಟೆಗೂ ಬೀಳುನೆಲದ ಗುಂಟೆಗೂ ಇರುವ ಬೆಲೆಯ ಅಂತರಕ್ಕೆ, ಸರಿದೂಗಿಸುವ ಹಣದ ಏರ್ಪಾಡನ್ನು ಮಾಡಬೇಕಾಗುತ್ತದೆ. ಎಲ್ಲ ವ್ಯಾಜ್ಯಗಳೂ ಇಷ್ಟು ಸರಳವಾಗಿ ಬಗೆಹರಿಯುವುವೆಂದು ಹೇಳಲಾಗದು. ಆದರೆ ಬಗೆಹರಿಯದಿರುವಲ್ಲಿಯೂ ಕೂಡ, ಭೇದವು ನಿಜವಾಗಿ ಎಲ್ಲಿದೆಯೆಂಬುದು ಚಿತ್ರದಿಂದ ತಿಳಿಯುತ್ತದೆ.

ಡೇಟನ್ ನಗರದ ನಕ್ಷೆಗಳು

ಸಂಸಾರದ ಪಾಲಿನಲ್ಲಿ ನಡೆಯುವುದೇ ರಾಷ್ಟ್ರಗಳ ಪಾಲಿನಲ್ಲಿಯೂ ನಡೆಯುತ್ತದೆ. ಸಂಧಾನದಲ್ಲಿ ಚಿತ್ರವು ಎಷ್ಟು ಮಾಡಬಲ್ಲುದು, ಏನನ್ನು ಮಾಡಲಾರದು ಎಂಬುದಕ್ಕೆ ೧೯೯೫ರ ಡೇಟನ್ ಸಂಧಾನವು ಉತ್ತಮ ನಿದರ್ಶನ. ಯುಗೋಸ್ಲಾವಿಯವು ಒಡೆದಮೇಲೆ ಬೋಸ್ನಿಯದಲ್ಲಿ ೧೯೯೨ರಿಂದ ೧೯೯೫ರವರೆಗೆ ನಡೆದ ಯುದ್ಧದಲ್ಲಿ ಸುಮಾರು ಒಂದು ಲಕ್ಷ ಜನರು ಸತ್ತರು. ಅಮೆರಿಕದ ಓಹಾಯೋ ಸಂಸ್ಥಾನದ ಡೇಟನ್ ನಗರದ ಬಳಿಯಿರುವ ರೈಟ್-ಪ್ಯಾಟರ್ಸನ್ ವಾಯುಪಡೆಯ ನೆಲೆಯಲ್ಲಿ ಆ ವರ್ಷದ ನವೆಂಬರ್ ೧ರಿಂದ ೨೧ರವರೆಗೆ ಸಂಧಾನ ನಡೆಯಿತು. ಸರ್ಬಿಯದ ಮಿಲೋಶೆವಿಚ್, ಕ್ರೊಯೇಷಿಯದ ತುಜ್‌ಮನ್, ಬೋಸ್ನಿಯದ ಇಜೆತ್‌ಬೆಗೊವಿಚ್ ಈ ಮೂವರು ಅಧ್ಯಕ್ಷರು ಪಾಲುಗೊಂಡಿದ್ದರು. ಅಮೆರಿಕದ ರಿಚರ್ಡ್ ಹೋಲ್‌ಬ್ರೂಕ್ ಮುಖ್ಯ ಮಧ್ಯಸ್ಥರಾಗಿದ್ದರು.

ಅಲ್ಲಿ ನಕ್ಷೆಗಾರರ ಒಂದು ತಂಡವೇ ಬೀಡುಬಿಟ್ಟಿತ್ತು. ಪ್ರತಿಯೊಂದು ಸಲಹೆಗೂ ಹೊಸ ನಕ್ಷೆಯನ್ನು ಸಿದ್ಧಪಡಿಸಿ, ಯಾವ ಗೆರೆಯಿಂದ ಯಾರಿಗೆ ಶೇಕಡ ಎಷ್ಟು ಭೂಮಿ ಹೋಗುವುದೆಂಬುದನ್ನು ಗಣಕಯಂತ್ರದಿಂದ ಬೇಗನೆ ಲೆಕ್ಕಹಾಕಿ ಕೊಡಲಾಗುತ್ತಿತ್ತು. ಅಲ್ಲದೆ ‘ಪವರ್‌ಸೀನ್’ ಎಂಬ ಒಂದು ವ್ಯವಸ್ಥೆಯನ್ನೂ ತಂದಿದ್ದರು. ಉಪಗ್ರಹಗಳಿಂದಲೂ ವಿಮಾನಗಳಿಂದಲೂ ತೆಗೆದ ಛಾಯಾಚಿತ್ರಗಳನ್ನು ನೆಲದ ಏರುತಗ್ಗುಗಳ ಅಳತೆಯೊಡನೆ ಕೂಡಿಸಿ, ವಿಮಾನದಲ್ಲಿ ಕುಳಿತು ನೋಡಿದಂತೆಯೇ ಬೆಟ್ಟಕಣಿವೆಗಳನ್ನು ತೆರೆಯ ಮೇಲೆ ತೋರಿಸುವ ಯಂತ್ರವದು. ಸೈನ್ಯದ ವಿಮಾನಚಾಲಕರ ಅಭ್ಯಾಸಕ್ಕಾಗಿ ಹುಟ್ಟಿದ ಸಾಧನವು ಇಲ್ಲಿ ಸಂಧಾನದ ಕೆಲಸಕ್ಕೆ ಬಂದಿತು.

ಗೊರಾಜ್ದೆ ಎಂಬ ಪಟ್ಟಣದ ಪ್ರಶ್ನೆಯು ಇದಕ್ಕೆ ಉದಾಹರಣೆ. ಪೂರ್ವ ಬೋಸ್ನಿಯದಲ್ಲಿ ಸುತ್ತಲೂ ಸರ್ಬರ ಸೈನ್ಯವಿದ್ದ ಪಟ್ಟಣಗಳಲ್ಲಿ ಸ್ರೆಬ್ರೆನಿತ್ಸ, ಜೆಪಗಳೆರಡೂ ೧೯೯೫ರ ಜುಲೈ ತಿಂಗಳಲ್ಲಿ ಬಿದ್ದುಹೋಗಿದ್ದುವು. ಸ್ರೆಬ್ರೆನಿತ್ಸದಲ್ಲಿ ಸಾವಿರಾರು ಗಂಡಸರೂ ಹುಡುಗರೂ ಹತರಾಗಿದ್ದರು. ಉಳಿದ ಗೊರಾಜ್ದೆಯನ್ನು ರಾಜಧಾನಿಯಾದ ಸರಯೇವೊಗೆ ಸೇರಿಸುವ ಒಂದು ಹಾದಿ ಬೇಕಾಗಿತ್ತು. ಮಿಲೋಶೆವಿಚ್ ಒಪ್ಪಿದ್ದುದು ಬಲು ಕಿರಿದಾದ ಒಂದು ಪಟ್ಟಿಗೆ. ಚಪ್ಪಟೆಯಾದ ಕಾಗದದ ನಕ್ಷೆಯಲ್ಲಿ ಆ ಪಟ್ಟಿಯು ಸಾಲದೆಂದು ಯಾರಿಗೂ ತೋರುತ್ತಿರಲಿಲ್ಲ. ಜನರಲ್ ವೆಸ್ಲಿ ಕ್ಲಾರ್ಕ್ ಮತ್ತು ಹೋಲ್‌ಬ್ರೂಕ್ ಅವರನ್ನು ತೆರೆಯ ಮುಂದೆ ಕೂರಿಸಿ ಆ ಹಾದಿಯ ಉದ್ದಕ್ಕೂ ‘ಹಾರಿಸಿಕೊಂಡು’ ಹೋದರು. ಎರಡು ಮಗ್ಗುಲಿಗೂ ನಿಂತ ಬೆಟ್ಟಗಳು ಕಂಡುವು. ಬೆಟ್ಟದ ಮೇಲಿದ್ದವರ ದಯೆಯಿಲ್ಲದೆ ಕೆಳಗಿನ ರಸ್ತೆಯಲ್ಲಿ ಒಂದು ಗಾಡಿಯೂ ಸಾಗಲಾರದೆಂಬುದು ವಾದವಿಲ್ಲದೆಯೇ ಮನದಟ್ಟಾಯಿತು. ಸುಮಾರು ೮ ಕಿಲೋಮೀಟರು ಅಗಲದ ಪಟ್ಟಿಗೆ ಮಿಲೋಶೆವಿಚ್ ಒಪ್ಪಿದರು. ಮಾತುಕತೆಯ ವೇಳೆ ಮದ್ಯದ ಬಟ್ಟಲೂ ಜತೆಗಿದ್ದುದರಿಂದ ಆ ಹಾದಿಗೆ ಸಂಧಾನಕಾರರಲ್ಲಿ ‘ಸ್ಕಾಚ್ ರಸ್ತೆ’ ಎಂಬ ಅಡ್ಡಹೆಸರು ಬಿದ್ದಿತು.

ಆದರೆ ಅದೇ ನಕ್ಷೆಯೇ ಸಂಧಾನವನ್ನು ಮುರಿಯುವ ಅಂಚಿಗೂ ತಂದಿತು. ಬೋಸ್ನಿಯಾಕರು ಮತ್ತು ಕ್ರೊಯಾಟರ ಒಕ್ಕೂಟಕ್ಕೆ ಶೇಕಡ ೫೧, ಸರ್ಬರಿಗೆ ಶೇಕಡ ೪೯ ಎಂಬುದು ೧೯೯೪ರಿಂದಲೂ ಆಧಾರವಾಗಿದ್ದ ಸೂತ್ರ. ಒಂದೊಂದು ಊರಿಗಾಗಿ ಗೆರೆಯನ್ನು ಆಚೀಚೆ ಸರಿಸುತ್ತ ಬಂದಂತೆ ಒಕ್ಕೂಟದ ಪಾಲು ಶೇಕಡ ೫೫ಕ್ಕೆ ಏರಿತ್ತೆಂಬುದು ಕಡೆಯ ದಿನಗಳಲ್ಲಿ ಮಿಲೋಶೆವಿಚ್‌ಗೆ ತಿಳಿದು ಅವರು ಕೆರಳಿದರು. ಹೋದ ಪಾಲನ್ನು ಸರಿದೂಗಿಸಲು ಕ್ರೊಯಾಟರು ಆ ಶರತ್ಕಾಲದಲ್ಲಿ ಗೆದ್ದುಕೊಂಡಿದ್ದ, ಜನವಸತಿ ವಿರಳವಾದ ಪಶ್ಚಿಮದ ಒಂದು ಭಾಗವನ್ನು ಬಿಟ್ಟುಕೊಡಬೇಕಾಯಿತು. ಬ್ರಿಚ್ಕೊ ಎಂಬ ಪಟ್ಟಣದ ಪ್ರಶ್ನೆಯಂತೂ ಯಾವ ಗೆರೆಗೂ ಬಗ್ಗದೆ, ಅದನ್ನು ಪಂಚರ ನಿರ್ಣಯಕ್ಕೆ ಬಿಡುವುದೆಂದು ನವೆಂಬರ್ ೨೧ರ ಬೆಳಗ್ಗೆ ಮಿಲೋಶೆವಿಚ್ ಒಪ್ಪಿದ ಮೇಲೆಯೇ ಒಪ್ಪಂದ ಕೈಗೂಡಿತು. ಪಂಚರ ಕಡೆಯ ನಿರ್ಣಯವು ಹೊರಬಿದ್ದುದು ೧೯೯೯ರಲ್ಲಿ. ಇನ್ನೊಂದು ಸಂಗತಿ: ಬೋಸ್ನಿಯದ ಸರ್ಬರ ಪ್ರತಿನಿಧಿಗಳಿಗೆ ಕಡೆಯ ನಕ್ಷೆಯನ್ನು ಮುಕ್ತಾಯದ ಗಳಿಗೆಯವರೆಗೂ ತೋರಿಸಿರಲಿಲ್ಲ. ಅವರ ಪರವಾಗಿ ಮಾತಾಡುವ ಅಧಿಕಾರವು ಮಿಲೋಶೆವಿಚ್ ಅವರಲ್ಲಿತ್ತು. ನಕ್ಷೆಯನ್ನು ಕಂಡಾಗ ಅವರು ಒಪ್ಪಂದಕ್ಕೆ ಚಿಕ್ಕರುಜು ಹಾಕುವ ಸಮಾರಂಭಕ್ಕೇ ಬಾರದೆ ಉಳಿದರು.

ಡೇಟನ್ ಕಲಿಸುವ ಪಾಠವು ಹೀಗೆ ಇಮ್ಮುಖವಾದುದು. ಯಾವನು ಚಿತ್ರವನ್ನು ಕಣ್ಣಾರೆ ಕಂಡು, ಅದರಲ್ಲಿ ತಾನೇ ಸಂಚರಿಸಿದನೋ ಅವನು ತನ್ನ ಹಟವನ್ನು ಬಿಟ್ಟನು. ಯಾರಿಗೆ ಚಿತ್ರವನ್ನು ಮುಗಿದ ಮೇಲೆ ತೋರಿಸಿದರೋ ಅವರಿಗೆ ಅದು ಸಂಧಾನವಾಗಿ ಕಾಣಲಿಲ್ಲ, ತೀರ್ಪಾಗಿ ಕಂಡಿತು.

ಲೆಕ್ಕವನ್ನು ಕಣ್ಣಿಗೆ ತೋರಿಸುವುದು

ಎಲ್ಲ ವ್ಯಾಜ್ಯಗಳೂ ನೆಲಕ್ಕೆ ಸಂಬಂಧಿಸಿದುವಲ್ಲ. ಹಣದ ವ್ಯಾಜ್ಯದಲ್ಲಿ ನಕ್ಷೆಯ ಕೆಲಸವನ್ನು ಕೋಷ್ಟಕವು ಮಾಡುತ್ತದೆ. ೧೯೭೩ರಿಂದ ೧೯೮೨ರವರೆಗೆ ನಡೆದ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಮೂರನೆಯ ಸಮ್ಮೇಲನದಲ್ಲಿ ಭಾರತವೂ ಪಾತ್ರವಹಿಸಿದ ಇಂಥದೊಂದು ಪ್ರಸಂಗ ನಡೆಯಿತು. ಆಳಸಮುದ್ರದ ತಳದಲ್ಲಿರುವ ಲೋಹದ ಗಂಟುಗಳನ್ನು ತೆಗೆಯುವ ಕಂಪನಿಗಳು ಅಂತರರಾಷ್ಟ್ರೀಯ ಪ್ರಾಧಿಕಾರಕ್ಕೆ ಎಷ್ಟು ಶುಲ್ಕವನ್ನು ತೆರಬೇಕೆಂಬುದು ಪ್ರಶ್ನೆ. ಒಂದೊಂದು ಗಣಿನೆಲೆಗೂ ೬ ಕೋಟಿ ಡಾಲರುಗಳನ್ನು ಮೊದಲೇ ತೆರಬೇಕೆಂದು ಭಾರತವು ಸೂಚಿಸಿತು. ಮುಂಗಡ ಶುಲ್ಕವೇ ಕೂಡದೆಂಬುದು ಅಮೆರಿಕದ ವಾದ. ಒಬ್ಬರದು ನ್ಯಾಯದ ಮಾತು, ಇನ್ನೊಬ್ಬರದು ವ್ಯಾಪಾರದ ಮಾತು. ಎರಡೂ ಕೂಡುವ ಎಡೆಯಿರಲಿಲ್ಲ.

ಆಗ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದ ವಿದ್ವಾಂಸರು ಆಳಸಮುದ್ರ ಗಣಿಗಾರಿಕೆಯ ಆಯವ್ಯಯಗಳನ್ನು ವರ್ಷವರ್ಷಕ್ಕೂ ತೋರಿಸುವ ಒಂದು ಲೆಕ್ಕದ ಮಾದರಿಯನ್ನು ಸಿದ್ಧಪಡಿಸಿದ್ದುದು ಉಪಯೋಗಕ್ಕೆ ಬಂದಿತು. ಸಿಂಗಪುರದ ಟಾಮಿ ಕೋ ಅವರು ಹಣಕಾಸಿನ ಮಾತುಕತೆಗಳ ನೇತೃತ್ವ ವಹಿಸಿದ್ದರು. ಯಾವ ಶುಲ್ಕವನ್ನು ಸೂಚಿಸಿದರೂ ಅದರ ಪರಿಣಾಮವೇನೆಂಬುದು ಆ ಮಾದರಿಯಿಂದ ಹೊರಬೀಳುತ್ತಿತ್ತು. ಗಣಿಯಿಂದ ಆದಾಯ ಬರತೊಡಗುವುದಕ್ಕೆ ಎಷ್ಟೋ ವರ್ಷ ಮೊದಲೇ ದೊಡ್ಡ ಮೊತ್ತವನ್ನು ಕಟ್ಟಬೇಕಾದರೆ ಬಡ್ಡಿಯ ಭಾರದಿಂದ ಗಣಿಗಾರಿಕೆಯೇ ನಿಂತುಹೋದೀತೆಂಬುದು ಭಾರತದ ಪ್ರತಿನಿಧಿಗಳಿಗೆ ಕಂಡಿತು. ಮಿತವಾದ ಶುಲ್ಕವನ್ನು ತೆತ್ತರೂ ಉದ್ಯಮಕ್ಕೆ ಲಾಭವುಳಿಯುವುದೆಂಬುದು ಅಮೆರಿಕದವರಿಗೆ ಕಂಡಿತು. ಅಂತೂ ೧೯೮೨ರ ಒಡಂಬಡಿಕೆಯಲ್ಲಿ ೫ ಲಕ್ಷ ಡಾಲರುಗಳ ಅರ್ಜಿಶುಲ್ಕ, ೧೦ ಲಕ್ಷ ಡಾಲರುಗಳ ವಾರ್ಷಿಕ ಶುಲ್ಕ ಹಾಗೂ ಉತ್ಪನ್ನಕ್ಕೂ ಲಾಭಕ್ಕೂ ಅನುಗುಣವಾದ ತೆರಿಗೆಗಳ ಏರ್ಪಾಡು ಸೇರಿತು. ಬೇರೆ ಕಾರಣಗಳಿಂದ ಅಮೆರಿಕವು ಒಡಂಬಡಿಕೆಗೆ ರುಜು ಮಾಡಲಿಲ್ಲ. ೧೯೯೪ರ ಪೂರಕ ಒಪ್ಪಂದವು ಈ ಶುಲ್ಕಗಳ ಬಹುಭಾಗವನ್ನು ಬದಿಗಿಟ್ಟಿತು. ಆದಾಗ್ಯೂ ಸೋತೆನೆನ್ನದೆ ಹಿಂದೆ ಸರಿಯಲು ಉಭಯರಿಗೂ ಎಡೆಮಾಡಿಕೊಟ್ಟ ಕೀರ್ತಿಯು ಆ ಲೆಕ್ಕಕ್ಕೆ ಸಲ್ಲಬೇಕು. ಎದುರಾಳಿಯ ಮಾತಿಗೆ ಬಗ್ಗುವುದು ಅವಮಾನ. ಲೆಕ್ಕಕ್ಕೆ ಬಗ್ಗುವುದು ವಿವೇಕ.

ಸಾಲಗಾರನಿಗೂ ಸಾಲ ಕೊಟ್ಟವನಿಗೂ, ಒಡೆದ ಪಾಲುಗಾರಿಕೆಯ ಪಾಲುದಾರರಿಗೂ ಇದೇ ಕ್ರಮವು ಅನ್ವಯಿಸುತ್ತದೆ. ಕೊಟ್ಟುದೆಷ್ಟು, ಬಂದುದೆಷ್ಟು, ಯಾವ ತಿಂಗಳಿನಿಂದ ಕಂತು ತಪ್ಪಿತು ಎಂಬುದನ್ನು ಒಂದು ಗೆರೆಯ ಮೇಲೆ ಕಾಲಾನುಕ್ರಮವಾಗಿ ಗುರುತಿಸಿದರೆ, ಕಂತು ತಪ್ಪಿದ ತಿಂಗಳೂ ಮನೆಯಲ್ಲಿ ಕಾಯಿಲೆಯಾದ ತಿಂಗಳೂ ಒಂದೇ ಎಂಬಂಥ ಸಂಗತಿಗಳು ಬೆಳಕಿಗೆ ಬರುತ್ತವೆ. ಇಂಥ ಸಂಗತಿಗಳಿಗೆ ದಾವೆಯ ಅರ್ಜಿಯಲ್ಲಿ ಸ್ಥಳವಿಲ್ಲ; ಸಂಧಾನದಲ್ಲಿ ಉಂಟು.

ಒಬ್ಬರ ಕೈಯ ಚಿತ್ರ

ಇಷ್ಟರಿಂದ ಚಿತ್ರವೆಂಬುದು ಸತ್ಯವನ್ನು ತೋರುವ ಕನ್ನಡಿಯೆಂದು ಭಾವಿಸಿದರೆ ದೊಡ್ಡ ಪ್ರಮಾದವಾಗುತ್ತದೆ. ಕಾಂಬೋಡಿಯ ಮತ್ತು ಥಾಯ್ಲೆಂಡ್ ದೇಶಗಳ ಗಡಿಯಲ್ಲಿರುವ ಪ್ರಿಯಾ ವಿಹಾರ್ ಎಂಬ ಪುರಾತನ ಶಿವಾಲಯದ ವ್ಯಾಜ್ಯವು ಇದಕ್ಕೆ ಸಾಕ್ಷಿ. ಕಾಂಬೋಡಿಯವು ಫ್ರೆಂಚರ ಅಧೀನದಲ್ಲಿದ್ದಾಗ, ೧೯೦೪ರಲ್ಲಿ, ಸಯಾಮಿಗೂ ಫ್ರಾನ್ಸಿಗೂ ನಡೆದ ಒಪ್ಪಂದವು ನೀರು ಇಬ್ಭಾಗವಾಗಿ ಹರಿಯುವ ಬೆಟ್ಟದ ನೆತ್ತಿಯೇ ಗಡಿಯೆಂದು ಮಾತಿನಲ್ಲಿ ಹೇಳಿತು. ನಕ್ಷೆ ಬರೆಯುವ ಕೆಲಸವನ್ನು ಸಯಾಮಿನ ಕೋರಿಕೆಯ ಮೇರೆಗೆ ಫ್ರೆಂಚ್ ಅಧಿಕಾರಿಗಳೇ ವಹಿಸಿಕೊಂಡರು. ಪ್ಯಾರಿಸಿನಲ್ಲಿ ಅಚ್ಚಾಗಿ ೧೯೦೮ರಲ್ಲಿ ಸಯಾಮಿಗೆ ತಲುಪಿದ ನಕ್ಷೆಯಲ್ಲಿ ಗೆರೆಯು ಗುಡಿಯನ್ನು ಕಾಂಬೋಡಿಯದ ಕಡೆಗೆ ಸೇರಿಸಿತ್ತು. ಸಯಾಮು ಬಹುಕಾಲ ಆಕ್ಷೇಪಿಸಲಿಲ್ಲ. ಮಾತು ಹೇಳುವುದೊಂದು, ಚಿತ್ರ ತೋರುವುದೊಂದು ಎಂಬ ಅರಿವು ಮೂಡುವ ವೇಳೆಗೆ ದಶಕಗಳೇ ಉರುಳಿದ್ದುವು. ೧೯೬೨ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವು, ಸಯಾಮು ನಕ್ಷೆಯನ್ನು ಅಂಗೀಕರಿಸಿದಂತಾಯಿತೆಂದು ಹೇಳಿ, ೯ಕ್ಕೆ ೩ ಮತಗಳಿಂದ ಗುಡಿಯನ್ನು ಕಾಂಬೋಡಿಯಕ್ಕೆ ಕೊಟ್ಟಿತು. ವ್ಯಾಜ್ಯವು ಅಲ್ಲಿಗೆ ಮುಗಿಯಲಿಲ್ಲ. ೨೦೧೧ರಲ್ಲಿ ಗುಡಿಯ ಬಳಿ ಗುಂಡು ಹಾರಿದುವು. ೨೦೨೫ರ ಜುಲೈ ತಿಂಗಳಲ್ಲಿ ಎರಡು ದೇಶಗಳೂ ಗಡಿಯುದ್ದಕ್ಕೂ ಐದು ದಿನ ಕಾದಾಡಿದುವು. ಯಾರ ನಕ್ಷೆಯನ್ನು ಆಧಾರವಾಗಿಟ್ಟುಕೊಳ್ಳತಕ್ಕುದೆಂಬುದು ಇಂದಿಗೂ ಅವುಗಳ ನಡುವಣ ಮುಖ್ಯ ವಿವಾದಗಳಲ್ಲೊಂದು. ಒಂದೇ ಕೈ ಎಳೆದ ಗೆರೆಯು ನೂರು ವರ್ಷಗಳ ಮೇಲೆಯೂ ಮಾಸಿಲ್ಲ.

ಇಷ್ಟು ದೂರ ಹೋಗದೆಯೂ ಈ ದೋಷವನ್ನು ನಮ್ಮ ಮನೆಗಳ ಕಾಗದಪತ್ರಗಳಲ್ಲಿಯೇ ಕಾಣಬಹುದು. ಆಸ್ತಿಯ ಹಂಚಿಕೆಗೆ ಆಧಾರವಾಗುವ ವಂಶವೃಕ್ಷವೂ ಒಂದು ಚಿತ್ರವೇ. ಹಳೆಯ ವಂಶವೃಕ್ಷಗಳಲ್ಲಿ ಗಂಡುಮಕ್ಕಳ ಕೊಂಬೆಗಳಷ್ಟೇ ಇದ್ದು ಹೆಣ್ಣುಮಕ್ಕಳ ಹೆಸರೇ ಇಲ್ಲದಿರುವುದುಂಟು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕುಂಟೆಂದು ಕರ್ನಾಟಕವು ೧೯೯೪ರಲ್ಲಿಯೂ, ಸಂಸತ್ತು ೨೦೦೫ರಲ್ಲಿಯೂ ಕಾನೂನು ಮಾಡಿದುವು. ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಕ್ಕನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಹೀಗಿದ್ದರೂ ಅಣ್ಣತಮ್ಮಂದಿರು ಬರೆದು ತಂದ ವೃಕ್ಷವನ್ನೇ ಮಧ್ಯಸ್ಥನು ಮೇಜಿನ ಮೇಲೆ ಹರಡಿದನೆಂದರೆ ಅಕ್ಕತಂಗಿಯರ ಪಾಲಿಗೆ ಸಂಧಾನವು ಆರಂಭಕ್ಕೆ ಮೊದಲೇ ಮುಗಿದಂತಾಯಿತು. ಮಾತಿನ ಸುಳ್ಳಿಗೆ ಎದುರುಮಾತು ಹುಟ್ಟುತ್ತದೆ. ಚಿತ್ರದಲ್ಲಿ ಬಿಟ್ಟುಹೋದುದನ್ನು ಕೇಳುವವರೇ ಇರುವುದಿಲ್ಲ. ಏಕೆಂದರೆ ಅದು ಕಾಣುವುದೇ ಇಲ್ಲ.

ಅನುಸರಿಸತಕ್ಕ ಕ್ರಮ

ಮೇಲಿನ ನಿದರ್ಶನಗಳಿಂದ ಕೆಲವು ನಿಯಮಗಳನ್ನು ಸಂಗ್ರಹಿಸಬಹುದು.

ಮೊದಲು, ಹಾಳೆಯು ಬರಿದಾಗಿರಬೇಕು. ಒಂದು ಪಕ್ಷವು ಸಿದ್ಧಪಡಿಸಿ ತಂದ ಚಿತ್ರವನ್ನು ಆಧಾರವಾಗಿ ಇಟ್ಟುಕೊಳ್ಳಬಾರದು. ಅವಶ್ಯವಾದರೆ ಉಭಯರೂ ಬೇರೆ ಬೇರೆಯಾಗಿ ಬರೆದು, ಅವೆರಡನ್ನೂ ಒಂದರ ಪಕ್ಕ ಇನ್ನೊಂದನ್ನಿಟ್ಟು ನೋಡಬಹುದು. ಸರ್ವೆ ಇಲಾಖೆಯ ನಕ್ಷೆಯಿದ್ದಲ್ಲಿ ಹೊರಗೆರೆಯನ್ನು ಅದರಿಂದ ತೆಗೆದುಕೊಳ್ಳುವುದು ಕ್ಷೇಮ.

ಎರಡನೆಯದಾಗಿ, ವಿವಾದವಿಲ್ಲದುದನ್ನು ಮೊದಲು ಬರೆಯಬೇಕು. ಕೆರೆ, ದಾರಿ, ದೇವರ ಗುಡಿ, ಹಿರಿಯರ ಸಮಾಧಿ ಇವುಗಳ ವಿಷಯದಲ್ಲಿ ಒಮ್ಮತವಿರುತ್ತದ���. ಹತ್ತು ಗೆರೆಗಳಿಗೆ ಕೂಡಿ ತಲೆದೂಗಿದವರಿಗೆ ಹನ್ನೊಂದನೆಯ ಗೆರೆಯ ವಿಷಯದಲ್ಲಿ ಸಮಾಧಾನದಿಂದ ಮಾತಾಡುವುದು ಅಷ್ಟು ಕಷ್ಟವಾಗದು.

ಮೂರನೆಯದಾಗಿ, ಅಳಿಸಲು ಬರುವಂತೆ ಬರೆಯಬೇಕು. ೧೯೯೦ರ ಆಸುಪಾಸಿನಲ್ಲಿ ಮೈರಾಡ ಮೊದಲಾದ ಸಂಸ್ಥೆಗಳು ಕರ್ನಾಟಕದ ಹಳ್ಳಿಗಳಲ್ಲಿ ಜಲಾನಯನದ ಕೆಲಸಕ್ಕಾಗಿ ಗ್ರಾಮಸ್ಥರಿಂದಲೇ ನಕ್ಷೆ ಬರೆಸುವ ಪದ್ಧತಿಯನ್ನು ಬೆಳೆಸಿದುವು. ಅಲ್ಲಿ ನೆಲವೇ ಹಾಳೆ. ರಂಗೋಲಿಯ ಪುಡಿ, ಕಾಳು, ಕಲ್ಲು, ಕಡ್ಡಿಗಳೇ ಲೇಖನಿ. ಸುತ್ತಲೂ ನಿಂತವರಲ್ಲಿ ಯಾರು ಬೇಕಾದರೂ ಬಾಗಿ ಒಂದು ಕಲ್ಲನ್ನು ಸರಿಸಬಹುದು. ಕಾಗದ ಹಿಡಿಯಲು ಅಂಜುವವರೂ, ಅಕ್ಷರವರಿಯದವರೂ, ಸಭೆಯಲ್ಲಿ ಬಾಯಿಬಿಡದ ಹೆಂಗಸರೂ ರಂಗೋಲಿಗೆ ಅಂಜುವುದಿಲ್ಲ. ಮಧ್ಯಸ್ಥನಿಗೆ ಇದಕ್ಕಿಂತ ಉತ್ತಮವಾದ ಮಾದರಿ ದೊರೆಯಲಾರದು.

ನಾಲ್ಕನೆಯದಾಗಿ, ಬಣ್ಣ ಮತ್ತು ಗುರುತುಗಳಲ್ಲಿ ಪಕ್ಷಪಾತವಿರಬಾರದು. ಒಬ್ಬರ ಹಕ್ಕನ್ನು ದಪ್ಪ ಗೆರೆಯಿಂದಲೂ ಇನ್ನೊಬ್ಬರದನ್ನು ಚುಕ್ಕೆಗಳಿಂದಲೂ ತೋರಿಸುವುದು ಅರಿವಿಲ್ಲದೆ ಕೊಟ್ಟ ತೀರ್ಪೇ ಸರಿ. ಊರುಕೇರಿಗಳ ಹೆಸರುಗಳನ್ನು ಉಭಯರ ಬಾಯಲ್ಲಿ ಇರುವಂತೆಯೇ ಬರೆಯತಕ್ಕುದು. ಪಕ್ಷಗಾರರಲ್ಲಿ ಕಣ್ಣು ಕಾಣದವರಿದ್ದರೆ ಗೆರೆಯು ಕೈಗೆ ತಗಲುವಂತೆ ದಾರ, ಕಡ್ಡಿಗಳನ್ನು ಉಪಯೋಗಿಸಬೇಕು.

ಐದನೆಯದಾಗಿ, ಮಾತಿಗೂ ಚಿತ್ರಕ್ಕೂ ವಿರೋಧ ಬಂದಲ್ಲಿ ಯಾವುದು ಪ್ರಮಾಣವೆಂಬುದನ್ನು ಒಪ್ಪಂದದಲ್ಲಿಯೇ ಹೇಳಿರಬೇಕು. ಪ್ರಿಯಾ ವಿಹಾರ್ ವ್ಯಾಜ್ಯದ ಬೀಜವು ಈ ಲೋಪದಲ್ಲಿತ್ತು. ಡೇಟನ್ ಒಪ್ಪಂದವಾದರೋ, ೧:೫೦,೦೦೦ ಪ್ರಮಾಣದ ನಕ್ಷೆಯ ಗೆರೆಯೇ ಅಂತಿಮವೆಂದೂ, ಅದು ಸುಮಾರು ೫೦ ಮೀಟರುಗಳವರೆಗೆ ಖಚಿತವೆಂದೂ, ಉಭಯರ ಸಮ್ಮತಿಯಿಂದ ಅದನ್ನು ಸರಿಪಡಿಸಬಹುದೆಂದೂ ಸ್ಪಷ್ಟವಾಗಿ ಹೇಳಿತು. ಸಂಸಾರದ ಪಾಲುಪತ್ರದಲ್ಲಿಯೂ ಅಳತೆ, ದಿಕ್ಕು, ದಿನಾಂಕ, ಎಲ್ಲರ ರುಜು ಇರುವ ನಕ್ಷೆಯನ್ನು ಲಗತ್ತಿಸಿ, ಸರ್ವೆ ಇಲಾಖೆಯಿಂದ ಹಿಸ್ಸೆಯ ಪೋಡಿ ಮಾಡಿಸಿಕೊಂಡರೆ ಮುಂದಿನ ತಲೆಮಾರಿಗೆ ವ್ಯಾಜ್ಯವನ್ನು ಉಂಬಳಿಯಾಗಿ ಬಿಟ್ಟುಹೋಗುವುದು ತಪ್ಪುತ್ತದೆ.

ಕಡೆಯದಾಗಿ, ಸಂಧಾನವು ಮುರಿದಲ್ಲಿ ಆ ಹಾಳೆಗಳು ಯಾರ ಕೈಯಲ್ಲಿಯೂ ಆಯುಧವಾಗಬಾರದು. ೨೦೨೩ರ ಅಧಿನಿಯಮವು ಮಧ್ಯಸ್ಥಿಕೆಯ ಸಲುವಾಗಿಯೇ ಸಿದ್ಧಪಡಿಸಿದ ದಸ್ತೈವಜುಗಳನ್ನು ಗೋಪ್ಯವಾಗಿಡತಕ್ಕುದೆಂದು ವಿಧಿಸುತ್ತದೆ. ಸಂಧಾನದಲ್ಲಿ ಒಬ್ಬನು ಸದ್ಭಾವದಿಂದ ಎಳೆದ ಗೆರೆಯನ್ನು ನಾಳೆ ನ್ಯಾಯಾಲಯದಲ್ಲಿ ಅವನ ವಿರುದ್ಧ ಹಿಡಿಯಬಹುದೆಂದಾದರೆ ಯಾವನೂ ಕಡ್ಡಿಯನ್ನು ಮುಟ್ಟಲಾರನು. ಈ ಭರವಸೆಯನ್ನು ಮಧ್ಯಸ್ಥನು ಆರಂಭದಲ್ಲಿಯೇ ತಿಳಿಯಹೇಳಬೇಕು.

ಚಿತ್ರಕ್ಕೆ ಸಿಗದುದು

ಚಿತ್ರದಲ್ಲಿ ಬರೆಯಬರುವುದನ್ನಷ್ಟೇ ಚಿತ್ರವು ಬಗೆಹರಿಸಬಲ್ಲುದು. ಡೇಟನ್ನಿನ ತೆರೆಯ ಮೇಲೆ ಬೆಟ್ಟಗಳು ಕಂಡುವು. ಮನೆಮಠಗಳನ್ನು ಬಿಟ್ಟು ಓಡಿದವರು ಕಾಣಲಿಲ್ಲ. ಗೆರೆಯು ಕೊಲೆಯನ್ನು ನಿಲ್ಲಿಸಿತು, ಅದು ಸಣ್ಣ ಮಾತಲ್ಲ. ಆದರೆ ಅಲ್ಲಿ ಎಳೆದ ಸುಮಾರು ೧,೦೮೦ ಕಿಲೋಮೀಟರು ಉದ್ದದ ಗೆರೆಯು ಇಂದಿಗೂ ಬೋಸ್ನಿಯವನ್ನು ಆಡಳಿತದಲ್ಲಿ ಎರಡು ಭಾಗಗಳಾಗಿಯೇ ಇರಿಸಿದೆ. ಸಂಸಾರದ ವ್ಯಾಜ್ಯದಲ್ಲಿಯೂ ಹಾಗೆಯೇ. ಬದು ಎಲ್ಲಿ ಹೋಗಬೇಕೆಂಬುದನ್ನು ಹಾಳೆಯು ತೋರಿಸುತ್ತದೆ. ತಂದೆಯ ಕಡೆಯ ಕಾಯಿಲೆಯಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂಬ ನೋವಿಗೆ ಅದರಲ್ಲಿ ಗುರುತಿಲ್ಲ. ಆ ನೋವನ್ನು ಬಾಯಿಬಿಟ್ಟು ಆಡಬೇಕು, ಇನ್ನೊಬ್ಬರು ಕಿವಿಯಿಟ್ಟು ಕೇಳಬೇಕು. ಬದುವಿನ ಮಾತು ಬದುವಿನಲ್ಲಿಯೇ ಮುಗಿದರೆ ಇದಕ್ಕೆ ಬಿಡುವು ದೊರೆಯುತ್ತದೆ. ಎರಡೂ ಕಲೆತುಹೋದಲ್ಲಿ ನೋವಿನ ಸೇಡನ್ನು ಗುಂಟೆಗಳಲ್ಲಿ ತೀರಿಸಿಕೊಳ್ಳುವ ದುರವಸ್ಥೆ ಒದಗುತ್ತದೆ.

ಹುಟ್ಟೂರನ್ನು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಊರಿನ ಆಸ್ತಿಯ ಪ್ರಶ್ನೆಯು ಒಂದಲ್ಲ ಒಂದು ದಿನ ಏಳದೆ ಇರುವುದಿಲ್ಲ. ಪತ್ರಗಳಲ್ಲಿಯೂ ದೂರವಾಣಿಯಲ್ಲಿಯೂ ಮಾತಿಗೆ ಮಾತು ಬೆಳೆಸುವುದಕ್ಕೆ ಮೊದಲು ಒಡಹುಟ್ಟಿದವರೆಲ್ಲರೂ ಒಂದು ದಿನ ಒಂದೆಡೆ ಕುಳಿತು, ಆ ಮನೆಯ ಹೆಣ್ಣುಮಕ್ಕಳನ್ನೂ ಕೂಡಿಸಿಕೊಂಡು, ತಮ್ಮ ನೆಲವು ಹೇಗಿದೆಯೆಂಬುದನ್ನು ತಮ್ಮ ಕೈಗಳಿಂದಲೇ ಒಂದು ಹಾಳೆಯ ಮೇಲೆ ಬರೆದು ನೋಡುವುದು ಲೇಸು. ಅದಕ್ಕೆ ತಗಲುವ ವೆಚ್ಚವು ಒಂದು ಹಾಳೆ, ಒಂದು ಸೀಸದ ಕಡ್ಡಿ ಮತ್ತು ಅಳಿಸುವ ರಬ್ಬರು.